ಹಳೆಯ ಅಂಡರ್‌ಕೋಟಿಂಗ್ ಮೇಲೆ ಹೊಸ ಲೇಪನ ಬೇಡ

ಪ್ರಶ್ನೆ: ಹಳೆಯ ಕ್ಲಾಸಿಕ್ ಕಾರೊಂದನ್ನು ಮತ್ತೆ ಮೊದಲಿನ ಸ್ಥಿತಿಗೆ ತರುತ್ತಿದ್ದೇನೆ. ಅಡಿಭಾಗಕ್ಕೆ ಹಿಂದೆ ಬಳಿದಿದ್ದ ಕಪ್ಪು ಅಂಡರ್‌ಕೋಟಿಂಗ್ ಬಹುಮಟ್ಟಿಗೆ ಗಟ್ಟಿಯಾಗಿದ್ದು, ಅಲ್ಲಲ್ಲಿ ಮಾತ್ರ ಬಿರುಕು ಬಿಟ್ಟಿದೆ. ಅದರ ಮೇಲೆಯೇ ಹೊಸ ರಬ್ಬರ್ ಲೇಪನವನ್ನು ಸಿಂಪಡಿಸಬಹುದೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಬಿಟುಮೆನ್ (ಡಾಂಬರಿನಂಥ ಕಪ್ಪು ಅಂಟು) ಅಥವಾ ರಬ್ಬರ್ ಬೆರೆತ ಲೇಪನವು ವರ್ಷಗಳು ಕಳೆದಂತೆ ಮೆದುತನ ಕಳೆದುಕೊಂಡು ಸೀಳುತ್ತದೆ. ಆ ಸೀಳಿನಲ್ಲಿ ಇಳಿದ ನೀರು ಆರಲು ದಾರಿಯಿಲ್ಲದೆ ಲೇಪನಕ್ಕೂ ತಗಡಿಗೂ ನಡುವೆ ನಿಂತು, ಹೊರಗೆ ಏನೂ ಕಾಣದಂತೆ ಲೋಹವನ್ನು ತಿನ್ನುತ್ತಾ ಹೋಗುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಲೇಪನವನ್ನು ಒಳಗಿನಿಂದ ಎಬ್ಬಿಸಿ, ಇನ್ನಷ್ಟು ನೀರಿಗೆ ಎಡೆ ಮಾಡಿಕೊಡುತ್ತದೆ. ಆದ್ದರಿಂದ ಗಟ್ಟಿಯಾಗಿ ಕಾಣುವ ಭಾಗವನ್ನೂ ನಂಬದೆ ಎಲ್ಲವನ್ನೂ ತೆಗೆಯಿರಿ.

ಹೀಟ್ ಗನ್‌ನಿಂದ ಹದವಾಗಿ ಬಿಸಿ ಮಾಡಿದರೆ ಹಳೆಯ ಪದರ ಸ್ಕ್ರೇಪರ್‌ಗೆ ಸುಲಭವಾಗಿ ಬಿಟ್ಟುಕೊಡುತ್ತದೆ. ಅದಕ್ಕೂ ಮೊದಲು ಪೆಟ್ರೋಲ್ ಟ್ಯಾಂಕ್ ಮತ್ತು ಇಂಧನದ ಕೊಳವೆಗಳನ್ನು ಕಳಚಿ ದೂರವಿಡಿ. ಕಾರು ಜ್ಯಾಕ್ ಮೇಲಲ್ಲ, ಭದ್ರವಾದ ಸ್ಟ್ಯಾಂಡ್‌ಗಳ ಮೇಲೆ ನಿಂತಿರಲಿ. ರಕ್ಷಣಾ ಕನ್ನಡಕವನ್ನೂ ಸರಿಯಾದ ರೆಸ್ಪಿರೇಟರ್ ಅನ್ನೂ ಧರಿಸದೆ ಅದರಡಿಗೆ ಹೋಗಬೇಡಿ.

ತಗಡು ಬರಿದಾದ ಮೇಲೆ ತೂತಾದ ಭಾಗಗಳನ್ನು ಕತ್ತರಿಸಿ ಹೊಸ ತುಂಡು ಬೆಸೆಯುವ ಕೆಲಸವನ್ನು ಪೂರ್ಣವಾಗಿ ಮುಗಿಸಿಬಿಡಿ, ಏಕೆಂದರೆ ವೆಲ್ಡಿಂಗಿನ ಶಾಖ ಲೇಪನವನ್ನು ಸುಡುತ್ತದೆ. ಫಾಸ್ಫಾರಿಕ್ ಆಮ್ಲವಿರುವ ತುಕ್ಕುನಾಶಕವನ್ನು ಬಳಸಿದ್ದಲ್ಲಿ, ಅದರ ಶೇಷವನ್ನು ಚೆನ್ನಾಗಿ ತೊಳೆದು ಒಣಗಿಸದಿದ್ದರೆ ಮುಂದೆ ತಗಡಿನ ಮೇಲೆ ಹಚ್ಚುವ ಎಪಾಕ್ಸಿ ಪ್ರೈಮರ್ (ರಾಳದ ಅಡಿಬಣ್ಣ) ಸರಿಯಾಗಿ ಹಿಡಿಯುವುದಿಲ್ಲ. ನೀರನ್ನು ನಿಜವಾಗಿ ತಡೆಯುವುದು ಈ ಎಪಾಕ್ಸಿ ಪದರವೇ. ಸಾಮಾನ್ಯ ಪ್ರೈಮರ್ ತೇವವನ್ನು ಹೀರಿಕೊಳ್ಳುವುದರಿಂದ ಇಲ್ಲಿ ಅದನ್ನು ನೆಚ್ಚುವಂತಿಲ್ಲ. ಎಪಾಕ್ಸಿಯ ಮೇಲೆ ತಗಡಿನ ಜೋಡಣೆಗಳಿಗೆಲ್ಲ ಸೀಮ್ ಸೀಲರ್ (ಸಂದು ಮುಚ್ಚುವ ಅಂಟು) ಹಚ್ಚಿದ ಬಳಿಕವೇ ಅಂಡರ್‌ಕೋಟಿಂಗ್‌ನ ಸರದಿ.

ಯಾವ ಲೇಪನ ಎಂದರೆ, ನನ್ನ ಒಲವು ಮೇಣ ಆಧಾರಿತ ಪಾರದರ್ಶಕ ಲೇಪನದ ಕಡೆಗೆ. ಅದು ಗಟ್ಟಿಯಾಗಿ ಬಿರಿಯುವುದಿಲ್ಲ, ಅಡಿಯಲ್ಲಿ ತುಕ್ಕು ಹುಟ್ಟಿದರೆ ಕೂಡಲೇ ಕಣ್ಣಿಗೆ ಬೀಳುತ್ತದೆ. ಆದರೆ ಕಾಲಕಾಲಕ್ಕೆ ಪರೀಕ್ಷಿಸಿ, ಸವೆದಲ್ಲಿ ಮತ್ತೆ ಹಚ್ಚುವ ಶ್ರದ್ಧೆಯನ್ನು ಬೇಡುತ್ತದೆ. ಚಕ್ರದಿಂದ ಸಿಡಿಯುವ ಕಲ್ಲುಗಳ ಹೊಡೆತ ತಾಳಬೇಕಾದ ವೀಲ್ ಆರ್ಚ್‌ಗಳಲ್ಲಿ (ಚಕ್ರದ ಮೇಲಿನ ಕಮಾನುಗಳಲ್ಲಿ) ಮಾತ್ರ, ಸುಸ್ಥಿತಿಯಲ್ಲಿರುವ ಎಪಾಕ್ಸಿಯ ಮೇಲೆ ರಬ್ಬರ್ ಲೇಪನವನ್ನು ಒಪ್ಪುತ್ತೇನೆ. ಅಲ್ಲಿಯೂ ಒಂದೇ ದಪ್ಪ ಪದರಕ್ಕಿಂತ, ನಡುವೆ ಒಣಗಲು ಬಿಟ್ಟು ಹಚ್ಚಿದ ಎರಡು ತೆಳು ಪದರಗಳೇ ಮೇಲು.

ಪ್ರಶ್ನೆ: ಯಾವ ಭಾಗಗಳಿಗೆ ಲೇಪನ ತಾಗಬಾರದು?

ಉತ್ತರ: ಎಕ್ಸಾಸ್ಟ್ ಕೊಳವೆ, ಬ್ರೇಕ್ ಡಿಸ್ಕ್ ಮತ್ತು ಡ್ರಮ್, ಪ್ರೊಪೆಲ್ಲರ್ ಶಾಫ್ಟ್ (ಎಂಜಿನ್‌ನ ಶಕ್ತಿಯನ್ನು ಹಿಂದಿನ ಚಕ್ರಗಳತ್ತ ಒಯ್ಯುವ ತಿರುಗುವ ದಂಡ), ಹ್ಯಾಂಡ್‌ಬ್ರೇಕ್ ಕೇಬಲ್, ಬೋಲ್ಟ್‌ಗಳ ತಿರುಪಿನ ಸುರುಳಿಗಳು, ರಬ್ಬರ್ ಬುಷ್‌ಗಳು, ಇವುಗಳನ್ನೆಲ್ಲ ಮೊದಲೇ ಮುಚ್ಚಿಡಿ. ಬಾಗಿಲುಗಳ ಕೆಳಗಿನ ಸಿಲ್‌ಗಳಲ್ಲಿ ನೀರು ಹರಿದುಹೋಗಲೆಂದು ಇರುವ ರಂಧ್ರಗಳ ಬಗ್ಗೆ ವಿಶೇಷ ಎಚ್ಚರವಿರಲಿ. ಸಿಲ್‌ಗಳ ಒಳಗೆ ಉದ್ದನೆಯ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಭಾಗಗಳ ಒಳಗೆ ಹಚ್ಚುವ ಮೇಣ) ಸಿಂಪಡಿಸಿ, ಅದು ಇಳಿದು ನಿಂತ ಮೇಲೆ ಪ್ರತಿಯೊಂದು ರಂಧ್ರಕ್ಕೂ ತಂತಿ ಹಾಯಿಸಿ ತೆರೆದಿದೆಯೇ ಎಂದು ಖಚಿತಪಡಿಸಿಕೊಳ್ಳಿ.