ದೇವತೆಗಳಿಲ್ಲದ ಭಾರತದಲ್ಲಿ ಕುಂತಿ

ಮಾನ್ಯರೇ,

ಎಸ್.ಎಲ್. ಭೈರಪ್ಪನವರ ‘ಪರ್ವ’ವನ್ನು ಓದಿ ಮನಸ್ಸು ಕಲಕಿತೆಂದು ಬರೆದಿದ್ದೀರಿ. ಧರ್ಮ, ವಾಯು, ಇಂದ್ರರನ್ನು ಹಿಮಾಲಯದ ದೇವಜನಾಂಗದ ಮನುಷ್ಯರನ್ನಾಗಿಸಿದ್ದು, ಗದುಗಿನ ಭಾರತದ ವಾಚನ ಕೇಳುತ್ತ ಬೆಳೆದ ತಮಗೆ, ಕುಂತಿಗೆ ಮಾಡಿದ ಅವಮಾನವಾಗಿ ಕಂಡಿದೆ. ಪಿಯುಸಿ ಓದುತ್ತಿರುವ ಮಗಳಿಗೆ ಈ ಕಾದಂಬರಿಯನ್ನು ಕೊಡಬಹುದೇ ಎಂಬುದು ತಮ್ಮ ಪ್ರಶ್ನೆ.

ತಮ್ಮ ನೋವು ನನಗೆ ಅರ್ಥವಾಗುತ್ತದೆ. ಅವಮಾನವೆಂಬ ಮಾತನ್ನು ಮಾತ್ರ ಒಪ್ಪಲಾರೆ. ಸಂತಾನಕ್ಕಾಗಿ ಪರಪುರುಷನನ್ನು ಕೂಡುವ ನಿಯೋಗಪದ್ಧತಿ ಕಾದಂಬರಿಕಾರರು ಹೊಸದಾಗಿ ತಂದು ಸೇರಿಸಿದ್ದಲ್ಲ. ಆದಿಪರ್ವದಲ್ಲಿ ಅಂಬಿಕೆ, ಅಂಬಾಲಿಕೆಯರಿಗೆ ಸ್ವತಃ ವ್ಯಾಸರಿಂದಲೇ ಮಕ್ಕಳಾಗುತ್ತಾರೆ; ಶಾಪಗ್ರಸ್ತನಾದ ಪಾಂಡು ಪೂರ್ವಕಾಲದ ನಿದರ್ಶನಗಳನ್ನು ಒಂದೊಂದಾಗಿ ಮುಂದಿಟ್ಟು, ಒಲ್ಲೆನೆನ್ನುವ ಕುಂತಿಯನ್ನು ಒಪ್ಪಿಸುತ್ತಾನೆ. ಮೂವರು ಮಕ್ಕಳಾದ ಮೇಲೂ ಅವನ ಆಸೆ ತೀರದಿದ್ದಾಗ, ಆಪತ್ಕಾಲದಲ್ಲಿಯೂ ನಾಲ್ಕನೆಯ ಮಗುವಿಗೆ ಹಿರಿಯರ ಸಮ್ಮತಿಯಿಲ್ಲವೆಂದು ಅವಳು ಖಂಡಿತವಾಗಿ ನಿರಾಕರಿಸುತ್ತಾಳೆ. ಮೂಲದಲ್ಲಿ ಒಂದೆರಡು ಶ್ಲೋಕಗಳಲ್ಲಿ ಮುಗಿದುಹೋಗುವ ಈ ನಿರಾಕರಣೆಯ ಹಿಂದೆ ಎಂತಹ ಬದುಕಿದ್ದಿರಬೇಕು! ಗಂಡನ ಹಂಬಲಕ್ಕಾಗಿ ಪರಪುರುಷನ ಬಳಿಗೆ ಹೋಗಬೇಕಾದವಳ ಮನಸ್ಸು ಏನಾಯಿತು, ಕನ್ಯೆಯಾಗಿದ್ದಾಗ ಹುಟ್ಟಿದ ಮಗನನ್ನು ಯಾರೆದುರೂ ನೆನೆಯಲಾಗದೆ ಅವಳು ವರ್ಷಗಳನ್ನು ಹೇಗೆ ಕಳೆದಳು ಎಂಬ ಪ್ರಶ್ನೆಗಳು, ಮಕ್ಕಳು ದೇವರ ವರವೆಂದು ಕೈಮುಗಿದುಬಿಡುವ ನಮಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. 1979ರಲ್ಲಿ ಪ್ರಕಟವಾದ ಈ ಕಾದಂಬರಿ ಅವುಗಳನ್ನು ಅವಳ ನೆನಪುಗಳಲ್ಲಿಯೇ ಬಿಚ್ಚಿಡುತ್ತದೆ. ಅದನ್ನು ನಾನು ಕುಂತಿಗೆ ಸಂದ ಗೌರವವೆಂದೇ ತಿಳಿಯುತ್ತೇನೆ.

ಭಾರತದ ಕಥೆಯನ್ನು ತನ್ನ ಕಾಣ್ಕೆಗೆ ತಕ್ಕಂತೆ ಹೇಳುವ ಸ್ವಾತಂತ್ರ್ಯವನ್ನು ಕನ್ನಡ ಮೊದಲಿನಿಂದಲೂ ಉಳಿಸಿಕೊಂಡಿದೆ. ಹತ್ತನೆಯ ಶತಮಾನದ ಪಂಪನಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ತಮ್ಮ ಮನೆಯಲ್ಲಿ ವಾಚನಗೊಳ್ಳುವ ಕುಮಾರವ್ಯಾಸನೂ ಹತ್ತು ಪರ್ವಗಳಿಗೆ ಕಥೆಯನ್ನು ನಿಲ್ಲಿಸಿ, ಇಡೀ ಭಾರತವನ್ನು ಕೃಷ್ಣಕಥೆಯಾಗಿಸಿಕೊಂಡವನು.

ಆದರೂ ತಮ್ಮ ಪತ್ರದಲ್ಲಿ ಒಂದು ಸತ್ಯವಿದೆ. ಕೃಷ್ಣನನ್ನು ಮನುಷ್ಯನೆಂದೇ ಗ್ರಹಿಸುವ ‘ಪರ್ವ’ದಲ್ಲಿ, ಗಮಕಿಯ ಕಂಠದಿಂದ ಭಾಮಿನಿ ಷಟ್ಪದಿ ಹರಿದುಬರುವಾಗ ಕೇಳುವವರ ಕಣ್ಣು ತೇವವಾಗಿಸುವ ಆ ಭಕ್ತಿರಸ ಸಿಗುವುದಿಲ್ಲ. ಇದು ಸಣ್ಣ ನಷ್ಟವಲ್ಲ, ಮತ್ತು ಕಾದಂಬರಿಯೊಂದನ್ನೇ ಓದಿ ಮಹಾಭಾರತವನ್ನು ಬಲ್ಲೆವೆಂದುಕೊಳ್ಳುವವರಿಗೆ ಈ ನಷ್ಟದ ಅರಿವೂ ಆಗುವುದಿಲ್ಲ.

ಮಗಳಿಗೆ ಪುಸ್ತಕವನ್ನು ಅವಶ್ಯವಾಗಿ ಕೊಡಿ. ಅದಕ್ಕೆ ಮೊದಲು ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ದಿಂದ ಕಥೆಯ ಪೂರ್ಣ ಪರಿಚಯವಾಗಲಿ, ವಾಚನಕ್ಕೂ ಅವಳು ಜೊತೆಯಲ್ಲಿ ಕೂರಲಿ. ಕುಂತಿಯ ಅಧ್ಯಾಯ ಮುಗಿದ ದಿನ ಅವಳೇನು ಹೇಳುತ್ತಾಳೆಂಬುದನ್ನು, ತಮ್ಮ ಅಭಿಪ್ರಾಯವನ್ನು ಮುಂದೆ ಮಾಡದೆ, ಕೇಳಿಸಿಕೊಳ್ಳಿ.

— ಸಂಪಾದಕ