ಎಫ್1 (ಫಾರ್ಮುಲಾ 1) ಕಾರ್ ರೇಸ್‌ನಲ್ಲಿ ಎಲ್ಲರೂ ವಿ6 ಎಂಜಿನ್ನೇ ಯಾಕೆ ಹಾಕ್ತಾರೆ? 12 ಸಿಲಿಂಡರ್ ಇದ್ರೆ ಪವರ್ ಜಾಸ್ತಿ ಅಲ್ವಾ?

ಮೊದಲನೆಯದಕ್ಕೆ ಉತ್ತರ ಸುಲಭ. ನಿಯಮವೇ ಹಾಗಿದೆ. 2014ರಿಂದ 1.6 ಲೀಟರ್ ವಿ6 ಟರ್ಬೊ ಹೈಬ್ರಿಡ್ ಬಿಟ್ಟು ಬೇರೆ ಎಂಜಿನ್ ಹಾಕುವಂತಿಲ್ಲ. ಲೀಟರ್ ಅಂದರೆ ಪೆಟ್ರೋಲ್ ಉರಿಯುವ ಸಿಲಿಂಡರ್‌ಗಳ ಒಟ್ಟು ಗಾತ್ರ. ವಿ6 ಅಂದರೆ ‘ವಿ’ ಆಕಾರದಲ್ಲಿ ಎರಡು ಸಾಲಾಗಿ ನಿಂತ ಆರು ಸಿಲಿಂಡರ್. ಟರ್ಬೊ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುತ್ತದೆ, ಹೈಬ್ರಿಡ್ ಅಂದರೆ ಜೊತೆಗೆ ವಿದ್ಯುತ್ ಮೋಟಾರ್ ಕೂಡ ಇದೆ ಅಂತ.

ಎರಡನೆಯ ಪ್ರಶ್ನೆಯೇ ಮಜವಾಗಿದೆ. ನೀವು ಹೇಳಿದ್ದು ಸುಳ್ಳಲ್ಲ. ಅಷ್ಟೇ ಲೀಟರನ್ನು ಜಾಸ್ತಿ ಸಿಲಿಂಡರ್‌ಗಳಿಗೆ ಹಂಚಿದರೆ ಅವುಗಳೊಳಗೆ ಹಿಂದೆ ಮುಂದೆ ಓಡುವ ಪಿಸ್ಟನ್‌ಗಳು ಹಗುರಾಗುತ್ತವೆ, ಎಂಜಿನ್ ಇನ್ನೂ ಜೋರಾಗಿ ತಿರುಗುತ್ತದೆ. ಆದರೆ ಅದರ ಉದ್ದ, ತೂಕ, ಅದು ಕುಡಿಯುವ ಪೆಟ್ರೋಲ್ ಎಲ್ಲವನ್ನೂ ಕಾರೇ ಹೊರಬೇಕಲ್ಲ!

ಈ ಆಸೆ ಅತಿಯಾದಾಗ ಹುಟ್ಟಿದ್ದು ಬ್ರಿಟನ್ನಿನ ಬಿಆರ್‌ಎಂ ಕಂಪನಿಯ ಎಚ್16, ಅಂದರೆ 16 ಸಿಲಿಂಡರ್ ಎಂಜಿನ್. 1966ರಲ್ಲಿ ಎಂಜಿನ್ ಮಿತಿ 1.5ರಿಂದ 3 ಲೀಟರ್‌ಗೆ ಏರಿತು. ಅವರು ಎರಡು ಫ್ಲಾಟ್-8 (ಸಿಲಿಂಡರ್‌ಗಳು ಮಲಗಿರುವ) ಎಂಜಿನ್‌ಗಳನ್ನು ಒಂದರ ಮೇಲೊಂದು ಇಟ್ಟು, ಪಿಸ್ಟನ್‌ಗಳು ತಿರುಗಿಸುವ ದಂಡಗಳಾದ ಎರಡು ಕ್ರ್ಯಾಂಕ್‌ಶಾಫ್ಟ್‌ಗಳನ್ನು ಗೇರ್‌ನಿಂದ ಜೋಡಿಸಿದರು. ವಿಪರೀತ ಭಾರ, ಮೇಲಿಂದ ಮೇಲೆ ಕೈಕೊಡುತ್ತಿತ್ತು. ಗೆದ್ದಿದ್ದು ಒಂದೇ ರೇಸ್, ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ನಲ್ಲಿ. ಅದೂ ಬೇರೆ ತಂಡವಾದ ಲೋಟಸ್‌ನ ಕಾರಿನಲ್ಲಿ, ಜಿಮ್ ಕ್ಲಾರ್ಕ್ ಓಡಿಸಿದ್ದಕ್ಕೆ. ಮರುವರ್ಷ ಕ್ಲಾರ್ಕ್‌ಗೆ ಕಾಸ್‌ವರ್ತ್ ಡಿಎಫ್‌ವಿ ಅನ್ನೋ ಎಂಜಿನ್ ಸಿಕ್ಕಿತು. ಸರಳವಾದ ವಿ8. ನೆದರ್ಲೆಂಡ್ಸ್‌ನ ಜಾಂಡ್‌ವೂರ್ಟ್‌ನಲ್ಲಿ ಮೊದಲ ರೇಸ್‌ನಲ್ಲೇ ಗೆದ್ದಿತು. 1983ರ ಹೊತ್ತಿಗೆ ಅದರ ಗೆಲುವು 155.

ನನಗೆ ಇನ್ನೂ ಇಷ್ಟವಾದದ್ದು ಫೆರಾರಿಯ ಫ್ಲಾಟ್-12ರ ಕಥೆ. 1970ರಲ್ಲಿ ಬಂತು. ಎಡಕ್ಕೆ ಆರು, ಬಲಕ್ಕೆ ಆರು ಸಿಲಿಂಡರ್ ಮಲಗಿರುತ್ತವೆ, ಭಾರವೆಲ್ಲ ನೆಲದ ಹತ್ತಿರ. 1975 ಮತ್ತು 1977ರಲ್ಲಿ ನಿಕಿ ಲೌಡಾ ಇದರಲ್ಲೇ ಚಾಂಪಿಯನ್ ಆದ. ಅಷ್ಟರಲ್ಲಿ ಲೋಟಸ್‌ನವರು ಕಾರಿನ ಅಡಿಯಲ್ಲಿ ಎರಡೂ ಪಕ್ಕ ಗಾಳಿಗೆ ಸುರಂಗ ಮಾಡಿ, ಕಾರು ನೆಲಕ್ಕೆ ಅಂಟಿಕೊಳ್ಳುವಂತೆ ಮಾಡಿದರು. ವಿ8 ಕೆಳಗಡೆ ಕಿರಿದಾಗಿರುತ್ತದೆ, ಹಾಗಾಗಿ ಸುರಂಗಕ್ಕೆ ಜಾಗವಿತ್ತು. ಫ್ಲಾಟ್-12ರ ಸಿಲಿಂಡರ್ ಹೆಡ್‌ಗಳು (ಸಿಲಿಂಡರ್‌ಗಳ ತುದಿ ಮುಚ್ಚುವ ಭಾಗ) ಸರಿಯಾಗಿ ಅದೇ ಜಾಗಕ್ಕೆ ಚಾಚಿಕೊಂಡಿದ್ದವು! 1979ರಲ್ಲಿ ಜೋಡಿ ಶೆಕ್ಟರ್ ಹೇಗೋ ಚಾಂಪಿಯನ್ ಆದ. 1980ರಲ್ಲಿ ಅದೇ ಶೆಕ್ಟರ್‌ಗೆ ಇಡೀ ಸೀಸನ್‌ನಲ್ಲಿ ಸಿಕ್ಕಿದ್ದು 2 ಪಾಯಿಂಟ್. ಪವರ್ ಕಡಿಮೆಯಾಗಿರಲಿಲ್ಲ, ಆಕಾರವೇ ಅಡ್ಡ ಬಂತು. ಮರುವರ್ಷ ಫೆರಾರಿ ವಿ6 ಟರ್ಬೊಗೆ ಬದಲಾಯಿತು.

ಟರ್ಬೊವನ್ನು ಎಫ್1ಗೆ ತಂದದ್ದು ರೆನೊ, 1977ರಲ್ಲಿ. 1983ರಲ್ಲಿ ನೆಲ್ಸನ್ ಪಿಕೆ ಬಿಎಂಡಬ್ಲ್ಯು ಟರ್ಬೊದಲ್ಲಿ ಚಾಂಪಿಯನ್ ಆದ. ಅದಕ್ಕೆ ನಾಲ್ಕೇ ಸಿಲಿಂಡರ್.

1989ರಲ್ಲಿ ಟರ್ಬೊ ನಿಂತಿತು. ವಿ8, ವಿ10, ವಿ12 ಮೂರೂ ಒಟ್ಟಿಗೆ ಓಡಿದವು. ವಿ8ಗಿಂತ ಪವರ್ ಜಾಸ್ತಿ, ವಿ12ಗಿಂತ ಗಿಡ್ಡ, ಪೆಟ್ರೋಲ್ ಖರ್ಚೂ ಕಡಿಮೆ ಅಂತ ವಿ10 ನಿಧಾನಕ್ಕೆ ಮೇಲುಗೈ ಪಡೆಯಿತು. ವಿ12ರ ಕೊನೆಯ ಗೆಲುವು 1995ರಲ್ಲಿ ಕೆನಡಾದಲ್ಲಿ, ಜಾನ್ ಅಲೆಸಿಯದು. ಆಮೇಲಿನದು ಸ್ವಲ್ಪ ಸಪ್ಪೆ. 2000ದಲ್ಲಿ ವಿ10 ಕಡ್ಡಾಯವಾಯಿತು, 2006ರಲ್ಲಿ 2.4 ಲೀಟರ್ ವಿ8 ಬಂತು.

2014ರ ನಿಯಮದಲ್ಲಿ ಇನ್ನೊಂದು ಶರತ್ತೂ ಇತ್ತು. ಗಂಟೆಗೆ 100 ಕೆಜಿಗಿಂತ ಜಾಸ್ತಿ ಪೆಟ್ರೋಲ್ ಎಂಜಿನ್‌ಗೆ ಹರಿಸುವಂತಿರಲಿಲ್ಲ. ಪೆಟ್ರೋಲ್‌ಗೇ ಕಡಿವಾಣ ಬಿದ್ದ ಮೇಲೆ 12 ಸಿಲಿಂಡರ್ ಹಾಕಿದರೆ ಒಳಗಿನ ಉಜ್ಜಾಟವೇ ಜಾಸ್ತಿ, ಪವರ್ ಅಲ್ಲ.