ಹೊಳೆಗೆ ಬಿಟ್ಟ ಮೀನು ಮರುದಿನ ಯಾಕೆ ಸತ್ತು ತೇಲಿತು?

ಪ್ರಶ್ನೆ: ನಾವು ಹಾವೇರಿಯವರು. ಏಪ್ರಿಲ್‌ನಲ್ಲಿ ಒಂದು ಭಾನುವಾರ ಮಧ್ಯಾಹ್ನ ಮಗಳನ್ನು ಕರೆದುಕೊಂಡು ವರದಾ ಹೊಳೆಗೆ ಗಾಳ ಹಾಕಲು ಹೋಗಿದ್ದೆ. ಹೊಳೆ ಹರಿಯುತ್ತಿರಲಿಲ್ಲ, ಮಡುಗಳಲ್ಲಷ್ಟೇ ನೀರಿತ್ತು. ಮೂರು ರೋಹು ಸಿಕ್ಕವು. ದಂಡೆಯ ಕಲ್ಲಿನ ಮೇಲಿಟ್ಟು ಫೋಟೋ ತೆಗೆದು, ಮೂರನ್ನೂ ಅದೇ ಮಡುವಿಗೆ ಬಿಟ್ಟೆವು. ಚೆನ್ನಾಗಿಯೇ ಈಜಿ ಹೋದವು. ಮರುದಿನ ನೋಡಿದರೆ ಎರಡು ಸತ್ತು ತೇಲುತ್ತಿದ್ದವು. ಮಗಳು ತುಂಬಾ ಅತ್ತಳು. ನಾವೇನು ತಪ್ಪು ಮಾಡಿದೆವು?

ಉತ್ತರ: ಮೀನನ್ನು ಬಿಟ್ಟಿದ್ದು ತಪ್ಪಲ್ಲ, ಇದನ್ನು ಮಗಳಿಗೆ ಮೊದಲು ಹೇಳಿ. ತಪ್ಪಿದ್ದು ಹೊತ್ತು ಮತ್ತು ಜಾಗ. ಈಜಿ ಹೋದ ಮೀನು ಬದುಕಿತು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಬೇಸಿಗೆಯಲ್ಲಿ ಹಾಗೆ ಹೇಳಲು ಆಗುವುದಿಲ್ಲ.

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಹಿಡಿದುಕೊಳ್ಳುತ್ತದೆ. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ, 35ಕ್ಕೆ 7ರ ಹತ್ತಿರ. ಮೀನಿನ ಮೈ ನೀರಿನಷ್ಟೇ ಬಿಸಿ ಇರುತ್ತದೆ. ಮೈ ಬಿಸಿಯಾದಂತೆ ಅದಕ್ಕೆ ಆಮ್ಲಜನಕ ಜಾಸ್ತಿ ಬೇಕು. ಬೇಕಾದದ್ದು ಹೆಚ್ಚು, ಸಿಗುವುದು ಕಡಿಮೆ. ಅಂಥ ಹೊತ್ತಲ್ಲಿ ಗಾಳಕ್ಕೆ ಸಿಕ್ಕಿ ಜಗ್ಗಾಡಿದರೆ ಅದರ ಮಾಂಸಖಂಡಗಳಲ್ಲಿ ಆಮ್ಲ ತುಂಬಿಕೊಳ್ಳುತ್ತದೆ. ಆ ಸುಸ್ತು ಇಳಿಯಲು ತಾಸುಗಟ್ಟಲೆ ಬೇಕು, ಒಳ್ಳೆಯ ನೀರೂ ಬೇಕು.

ನಿಮ್ಮ ಮಡುವಿನಲ್ಲಿ ಅದಿರಲಿಲ್ಲ. ನಿಂತ ನೀರಿನ ಪಾಚಿ ಹಗಲಿನಲ್ಲಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಬಳಸಿಕೊಳ್ಳುತ್ತದೆ. ಬೆಳಕು ಹರಿಯುವ ಮೊದಲು ಆಮ್ಲಜನಕ ತೀರಾ ಕಡಿಮೆ. ಮಧ್ಯಾಹ್ನ ದಣಿದ ಮೀನಿಗೆ ಆ ರಾತ್ರಿ ದಾಟಲು ಆಗಿರಲಿಕ್ಕಿಲ್ಲ.

ಬೇಸಿಗೆಯಲ್ಲಿ ನಸುಕಿಗೇ ಗಾಳ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಹರಿಯುವ ನೀರಿಗೆ ಆ ಮಾತು ಸರಿ. ಹಸಿರುಗಟ್ಟಿದ ಮಡುವಿಗೆ ಅದೇ ಕೆಟ್ಟ ಹೊತ್ತು. ನನ್ನ ಅಭಿಪ್ರಾಯ ಕೇಳಿದರೆ, ಹರಿವು ನಿಂತ ಮಡುವಿಗೆ ಮಳೆ ಬರುವವರೆಗೆ ಗಾಳವನ್ನೇ ಹಾಕಬೇಡಿ. ಅಲ್ಲಿನ ಮೀನಿಗೆ ಬೇರೆ ಕಡೆ ಹೋಗಲು ದಾರಿಯೇ ಇಲ್ಲ. ಹೋಗಲೇಬೇಕಾದರೆ ತುಂಗಭದ್ರೆಯಲ್ಲಿ ನೀರು ಹರಿಯುತ್ತಿರುವ ಕಡೆ ಹೋಗಿ, ಬೆಳಿಗ್ಗೆ ಎಂಟೂವರೆ ಒಂಬತ್ತಕ್ಕೆ ಮುಗಿಸಿ. ಬಾಂದಾರದ ಕೆಳಗೆ ನೀರು ಧುಮುಕುವಲ್ಲಿ ಮೀನು ಗುಂಪಾಗಿ ನಿಂತಿದ್ದರೆ ಆಸೆಪಡಬೇಡಿ, ಅವು ಉಸಿರಿಗಾಗಿ ಬಂದಿರಬಹುದು. ನೀರಿನ ಮೇಲೆ ಬಾಯಿ ತೆರೆದು ಒದ್ದಾಡುತ್ತಿದ್ದರಂತೂ ಅನುಮಾನವೇ ಬೇಡ, ವಾಪಸ್ ಬನ್ನಿ.

ಒಂದು ಥರ್ಮಾಮೀಟರ್ ಚೀಲದಲ್ಲಿರಲಿ. 20 ಡಿಗ್ರಿ ದಾಟಿದರೆ ಗಾಳ ಬೇಡ ಅನ್ನುವ ಮಾತನ್ನು ನೀವು ಓದಿರಬಹುದು. ಅದು ತಣ್ಣನೆಯ ದೇಶಗಳ ಟ್ರೌಟ್ ಮೀನಿನ ಲೆಕ್ಕ. ನಮ್ಮ ರೋಹು, ಕಾಟ್ಲಾ ಬಿಸಿನೀರಿಗೆ ಹೊಂದಿಕೊಂಡ ಮೀನುಗಳು. ಮೊಣಕೈ ಆಳದಲ್ಲಿ 30 ದಾಟಿದರೆ ನಾನು ಗಾಳ ಸುತ್ತಿಡುತ್ತೇನೆ.

ಮೀನು ಸಿಕ್ಕಿದ ಮೇಲೆ ಹೊತ್ತು ಕಳೆಯಬಾರದು. ಸಣ್ಣ ದಾರ ಕಟ್ಟಿ ಹತ್ತು ನಿಮಿಷ ಆಡಿಸುವುದು ನಮಗಷ್ಟೇ ಖುಷಿ. ಗಟ್ಟಿ ದಾರ ಹಾಕಿ, ಬೇಗ ದಂಡೆಗೆ ತನ್ನಿ. ಗಾಳದ ಒಳಮುಳ್ಳನ್ನು ಮನೆಯಲ್ಲೇ ಇಕ್ಕಳದಿಂದ ಒತ್ತಿಟ್ಟುಕೊಂಡರೆ ನೀರಲ್ಲಿದ್ದಂತೆಯೇ ಬಿಡಿಸಬಹುದು. ಗಂಟಲಿಗೆ ಇಳಿದಿದ್ದರೆ ಎಳೆಯಬೇಡಿ, ದಾರವನ್ನು ಹತ್ತಿರದಲ್ಲಿ ಕತ್ತರಿಸಿ. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಮೈ ಮೇಲಿನ ಲೋಳೆ ಮೀನನ್ನು ರೋಗದಿಂದ ಕಾಯುತ್ತದೆ, ಒಣ ಕೈಗೆ ಅದು ಕಿತ್ತು ಬರುತ್ತದೆ. ಏಪ್ರಿಲ್ ಮಧ್ಯಾಹ್ನದ ಕಲ್ಲಿನ ಮೇಲೆ ನಾವು ಬರಿಗಾಲಲ್ಲಿ ನಿಲ್ಲುತ್ತೇವಾ? ಮೀನನ್ನು ಅಲ್ಲಿ ಮಲಗಿಸಿದ್ದು ನನಗೆ ಬಹಳ ಬೇಸರ ತಂದಿತು. ಮೇಲೆತ್ತಿದರೆ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಉಸಿರು ನಿಲ್ಲುತ್ತದೆ. ಫೋಟೋ ಬೇಕೆಂದರೆ ನೀರಲ್ಲೇ ತೆಗೆಯಿರಿ.

ಬಿಡುವಾಗ ಎಸೆಯಬೇಡಿ. ಹರಿವಿಗೆ ಎದುರಾಗಿ ಮುಖ ಮಾಡಿ, ಹೊಟ್ಟೆಯ ಕೆಳಗೆ ಕೈಯಿಟ್ಟು ಹಿಡಿದಿರಿ. ಹಿಂದೆ ಮುಂದೆ ತಳ್ಳಾಡುವುದೂ ಬೇಡ. ತಾನೇ ಬಾಲ ಬೀಸಿ ಹೋಗುವವರೆಗೆ ಕಾಯಿರಿ, ಎಷ್ಟು ಹೊತ್ತಾದರೂ.

ಊಟಕ್ಕಾಗಿ ಹಿಡಿದರೆ ಅದರಲ್ಲಿ ತಪ್ಪಿಲ್ಲ. ಆದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬೈಕಿಗೆ ನೇತುಹಾಕಬೇಡಿ. ಅದು ಸಾಯಲು ಬಹಳ ಹೊತ್ತು ಹಿಡಿಯುತ್ತದೆ. ತಲೆಗೆ ಬಲವಾಗಿ ಒಂದೇಟು ಹಾಕಿ, ಐಸಿನಲ್ಲಿಡಿ. ಸಾಕಾದಷ್ಟು ಸಿಕ್ಕ ಮೇಲೆ ಎದ್ದುಬಿಡಿ. ಪರವಾನಗಿ ವಿಷಯ ಮೀನುಗಾರಿಕೆ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ನಾನು ಗದಗ ಜಿಲ್ಲೆಯ ಮುಂಡರಗಿಯವನು. ಕೊರವ ಮೀನು ಗಟ್ಟಿ ಜೀವ ಅಂತಾರೆ. ಬಿಸಿಲು ತಾಗದಿರಲಿ ಎಂದು ಬಲೆ ಚೀಲದಲ್ಲಿ ಹಾಕಿ ಆಳಕ್ಕೆ ಮುಳುಗಿಸಿಟ್ಟಿದ್ದೆ. ಸಂಜೆಗೆ ಸತ್ತಿತ್ತು. ಯಾಕೆ?

ಉತ್ತರ: ಉಸಿರುಕಟ್ಟಿ ಸತ್ತಿರಬೇಕು. ಕೊರವಕ್ಕೆ ಕಿವಿರಿನ ಉಸಿರಷ್ಟೇ ಸಾಲದು, ಆಗಾಗ ಮೇಲೆ ಬಂದು ಗಾಳಿ ನುಂಗಬೇಕು. ಆ ದಾರಿಯನ್ನು ನಿಮ್ಮ ಚೀಲ ಮುಚ್ಚಿತ್ತು. ಚೀಲದಲ್ಲಿ ಇಡುವ ಬದಲು ಬೇಡವಾದದ್ದನ್ನು ಕೂಡಲೇ ಬಿಟ್ಟುಬಿಡಿ. ಇನ್ನೊಂದು ವಿಷಯ. ನೀರಿನ ಮೇಲೆ ಕೆಂಪು ಬಣ್ಣದ ಪುಟ್ಟ ಮರಿಗಳ ಹಿಂಡು ಕಂಡರೆ, ಕೆಳಗೆ ಕೊರವದ ತಂದೆ ತಾಯಿ ಕಾವಲಿರುತ್ತವೆ. ಹತ್ತಿರ ಬಂದದ್ದನ್ನೆಲ್ಲ ಕಚ್ಚುತ್ತವೆ, ಅದಕ್ಕೇ ಗಾಳಕ್ಕೂ ಸುಲಭವಾಗಿ ಬೀಳುತ್ತವೆ. ಅವನ್ನು ಎತ್ತಿದರೆ ಮರಿಗಳನ್ನು ಬೇರೆ ಮೀನುಗಳು ತಿಂದು ಮುಗಿಸುತ್ತವೆ. ಅಲ್ಲಿ ಗಾಳ ಹಾಕಬೇಡಿ.